ಕ್ಯಾಮೆರಾ ಚೀಲ ಕಾಯುವ ಕೆಲಸ: ಕಾರು, ರೈಲು, ಹೋಂಸ್ಟೇ, ಟೆಂಟು

ಗಣೇಶಗುಡಿಯ ಹಕ್ಕಿಕೊಳದ ಮುಂದೆ ಕೂತಾಗಲೋ ಭದ್ರಾ ಹಿನ್ನೀರಿನ ದೋಣಿಯಲ್ಲಿ ರಿವರ್ ಟರ್ನ್ ಹಕ್ಕಿಗೆ ಗುರಿ ಹಿಡಿದಾಗಲೋ ಕ್ಯಾಮೆರಾ ಕಳುವಾಗುವುದು ಅಪರೂಪ. ಆಗ ಅದು ಕೈಯಲ್ಲೇ ಇರುತ್ತದೆ. ಕಳುವಾಗುವುದು ದಾರಿಯಲ್ಲಿ. ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ತಿಂಡಿಗೆಂದು ಕಾರು ನಿಲ್ಲಿಸಿದಾಗ, ರಾತ್ರಿ ಬಸ್ಸು ಕಾಫಿಗೆ ನಿಂತಾಗ, ರೈಲಿನಲ್ಲಿ ಬೆಳಗಿನ ಜಾವ ಕಣ್ಣು ಹತ್ತಿದಾಗ, ಹೋಂಸ್ಟೇ ಬಾಗಿಲಿಗೆ ಬರೀ ಚಿಲಕ ಹಾಕಿ ಊಟಕ್ಕೆ ಹೋದಾಗ. ಸಾಮಾನು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಗಳಿಗೆಗಳನ್ನು ಕಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಈ ಬರಹ ಮುಖ್ಯವಾಗಿ 500–600 ಮಿ.ಮೀ. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಲೆನ್ಸ್) ಹೊತ್ತು ತಿರುಗುವವರಿಗೆ. ದೂರದರ್ಶಕ, ಬೈನಾಕ್ಯುಲರ್, ಡ್ರೋನ್ ಇರುವವರಿಗೂ ಬಹುಪಾಲು ಹೀಗೇ ಅನ್ವಯಿಸುತ್ತದೆ. ಎಲ್ಲಕ್ಕೂ ಮೊದಲು ಚೀಲ ಕಣ್ಣಿಗೆ ಬೀಳದಂತಿರಬೇಕು, ಆಮೇಲೆ ಎಲ್ಲಿಗಾದರೂ ಕಟ್ಟಿರಬೇಕು. ಟ್ರ್ಯಾಕರ್ (ಚೀಲ ಎಲ್ಲಿದೆ ಎಂದು ಫೋನಿಗೆ ತಿಳಿಸುವ ಪುಟ್ಟ ಸಾಧನ) ಮತ್ತು ವಿಮೆಯ ಸರದಿ ಅದರ ನಂತರ. ಅಂಗಡಿಗೆ ಹೋಗಿ ಟ್ರ್ಯಾಕರ್ ತರುವುದು ಸುಲಭ, ಬಿಲ್ಲು ಹುಡುಕಿ ಜೋಡಿಸುವುದು ಬೇಸರ. ಅದಕ್ಕೇ ಹೆಚ್ಚಿನವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ.

ಹೊರಡುವ ವಾರ: ನಂಬರು, ಬಿಲ್ಲು, ಗುರುತು

ಪ್ರತಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಪ್ರತಿ ಲೆನ್ಸಿನ ಸೀರಿಯಲ್ ನಂಬರನ್ನು ಬರೆದುಕೊಳ್ಳಿ. ಬಾಡಿಯಲ್ಲಿ ಅದು ಸಾಮಾನ್ಯವಾಗಿ ತಳದಲ್ಲಿರುತ್ತದೆ, ಕೆಲವದರಲ್ಲಿ ತಿರುಗುವ ಪರದೆಯ ಹಿಂದೆ. ಲೆನ್ಸಿನಲ್ಲಿ ಅದು ಬಾಡಿಗೆ ಸೇರುವ ಮೌಂಟಿನ ಹತ್ತಿರ. ತಳಕ್ಕೆ ಅಂಟಿಸಿದ ಸ್ಟಿಕರ್ ಬೆವರಿಗೂ ಟ್ರೈಪಾಡ್ ಪ್ಲೇಟಿನ ಉಜ್ಜಾಟಕ್ಕೂ ಅಳಿಸುತ್ತದೆ, ಆದ್ದರಿಂದ ಹೊಸದಿರುವಾಗಲೇ ಫೋಟೊ ತೆಗೆದಿಡಿ. ಬರೆದುಕೊಂಡ ನಂಬರು ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ. ಎಷ್ಟೋ ಬಿಲ್ಲುಗಳಲ್ಲಿ ಮಾಡೆಲ್ ಹೆಸರು ಮಾತ್ರ ಇರುತ್ತದೆ. ಹಾಗಿದ್ದರೆ ಅಂಗಡಿಯವರಿಂದ ನಂಬರು ಸೇರಿಸಿದ ಬಿಲ್ಲು ಕೇಳಿ ಪಡೆಯಿರಿ. ಹಳೆಯದನ್ನು ಕೈಬದಲಿಗೆ ಕೊಂಡಿದ್ದರೆ ಮಾರಿದವರ ಸಹಿ, ತಾರೀಖು, ಸೀರಿಯಲ್ ನಂಬರು ಇರುವ ಒಂದು ಪುಟದ ಮಾರಾಟಪತ್ರ ಸಾಕು. ಅದೂ ಇಲ್ಲದಿದ್ದರೆ, ಸಿಕ್ಕಿದ ಕ್ಯಾಮೆರಾ ನಿಮ್ಮದೆಂದು ತೋರಿಸುವುದೇ ಕಷ್ಟ.

ಇನ್ನೊಂದು ಪುರಾವೆ ನಿಮ್ಮ ಫೋಟೊಗಳ ಒಳಗೇ ಇದೆ. ಬಹುತೇಕ ಕ್ಯಾಮೆರಾಗಳು ಪ್ರತಿ ಚಿತ್ರದ ಫೈಲಿನಲ್ಲಿ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಬಾಡಿಯ ನಂಬರನ್ನು ಬರೆಯುತ್ತವೆ. ಹಲವು ಕ್ಯಾಮೆರಾಗಳು ಲೆನ್ಸಿನದನ್ನೂ ಬರೆಯುತ್ತವೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಕಾಣುತ್ತದೆ. ಪ್ರತಿ ಬಾಡಿ–ಲೆನ್ಸ್ ಜೋಡಿಯಿಂದ ಒಂದೊಂದು ರಾ ಫೈಲನ್ನು (ಕ್ಯಾಮೆರಾ ಬರೆದ ಮೂಲ ಫೈಲು) ಮುಟ್ಟದೆ ಎತ್ತಿಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾ ಮೆನುವಿನಲ್ಲಿ ಕಾಪಿರೈಟ್ ಹೆಸರು ಹಾಕುವ ಜಾಗವಿದ್ದರೆ ಹೆಸರು, ಫೋನ್ ನಂಬರು ತುಂಬಿ. ಬಿಲ್ಲು, ಫೋಟೊ, ಪಟ್ಟಿ ಮೂರನ್ನೂ ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ, ಮನೆಯವರೊಬ್ಬರ ಫೋನಿನಲ್ಲೂ ಇರಲಿ. ಕ್ಯಾಮೆರಾ ಚೀಲದ ಜೇಬಿನಲ್ಲೇ ಬಿಲ್ಲಿಟ್ಟು ತಿರುಗುವವರಿದ್ದಾರೆ. ಕಳ್ಳನಿಗೆ ಮಾರಾಟ ಇನ್ನೂ ಸಲೀಸು.

ವಿಮೆಯ ಬಗ್ಗೆ ಎರಡು ಮಾತು. ಕಾರಿನ ಸಾಮಾನ್ಯ ವಿಮೆ ಕಾರಿಗೆ, ಒಳಗಿಟ್ಟ ಕ್ಯಾಮೆರಾಕ್ಕಲ್ಲ. ಬೇಕಾದ್ದು 'ಆಲ್ ರಿಸ್ಕ್' ಪಾಲಿಸಿ, ಇಲ್ಲವೇ ಮನೆ ವಿಮೆಗೆ ಸೇರಿಸಿಕೊಳ್ಳುವ ಒಯ್ಯಬಹುದಾದ ಉಪಕರಣಗಳ ರಕ್ಷಣೆ. ಕೊಳ್ಳುವಾಗ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿ: ಯಾರೂ ಇಲ್ಲದ ವಾಹನದಿಂದ ಹೋದರೆ ಕೊಡುತ್ತೀರಾ, ಬೀಗ ಒಡೆದ ಗುರುತು ಇರಲೇಬೇಕಾ, ಫೋಟೊ ತೆಗೆದು ದುಡಿಯುವವರಿಗೂ ಅನ್ವಯಿಸುತ್ತದಾ. ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಈ ಮೂರರಲ್ಲಿ ಒಂದರಿಂದಲೇ.

ಚೀಲ ಬಡವಾಗಿ ಕಾಣಲಿ

ಕ್ಯಾಮೆರಾ ಕಂಪನಿಯ ಹೆಸರು ಹೊಳೆಯುವ ಪಟ್ಟಿಯನ್ನು ತೆಗೆದು ಸಾದಾ ಪಟ್ಟಿ ಹಾಕಿ. ಬಾಡಿಯ ಮೇಲಿನ ಹೆಸರಿಗೆ ಕಪ್ಪು ವೈರಿಂಗ್ ಟೇಪು ಅಂಟಿಸಿ. ಆದರೆ ಅದನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಇಲ್ಲವಾದರೆ ಬಿಸಿಲಿಗೆ ಗೋಂದು ಕರಗಿ ಜಿಗುಟಾಗುತ್ತದೆ. ಕ್ಯಾಮೆರಾ ಚೀಲವೆಂದು ದೂರದಿಂದಲೇ ಸಾರುವ ಚೀಲದ ಬದಲು, ಮೆತ್ತೆಯಿರುವ ಒಳಪೆಟ್ಟಿಗೆ ಮಾತ್ರ ಕೊಂಡು ಅದನ್ನು ಮಾಮೂಲಿ ಕಾಲೇಜು ಬ್ಯಾಗಿನೊಳಗೆ ಇಳಿಸಿ. 200–600 ಲೆನ್ಸು ಸುಮಾರು 32 ಸೆಂ.ಮೀ. ಉದ್ದ, ಎರಡು ಕಿಲೊ ಮೇಲೆ ತೂಕ. ಲೆನ್ಸಿನ ಮುಂದಿನ ನೆರಳುಬಳೆಯಾದ ಹುಡ್ ತಿರುಗಿಸಿಟ್ಟರೆ 30 ಲೀಟರಿನ ಬ್ಯಾಗಿನಲ್ಲಿ ನಿಲ್ಲುತ್ತದೆ. ಭುಜದ ಪಟ್ಟಿ ಅಗಲ ಇರಲಿ.

ಜಿಪ್ಪಿಗೆ ಪುಟ್ಟ ಬೀಗ ಹಾಕಿ ನೆಮ್ಮದಿಯಾಗಿರುವವರು ಒಂದು ಪ್ರಯೋಗ ಮಾಡಿ ನೋಡಿ. ಹಳೆಯ ಬ್ಯಾಗಿನ ನೈಲಾನ್ ಜಿಪ್ಪಿನ ನಡುವೆ ಬಾಲ್‌ಪೆನ್ನಿನ ಮೊನೆ ಒತ್ತಿದರೆ ಹಲ್ಲುಗಳು ಬಿಚ್ಚಿಕೊಳ್ಳುತ್ತವೆ. ಬೇಕಾದ್ದನ್ನು ತೆಗೆದುಕೊಂಡು, ಬೀಗ ಹಾಕಿದ ಎರಡೂ ಸ್ಲೈಡರುಗಳನ್ನು ಒಟ್ಟಿಗೆ ಆ ಕಡೆಯಿಂದ ಈ ಕಡೆಗೆ ಎಳೆದರೆ ಜಿಪ್ಪು ಮತ್ತೆ ಮುಚ್ಚುತ್ತದೆ. ಬೀಗ ಬೀಗದ ಜಾಗದಲ್ಲೇ ಇರುತ್ತದೆ, ಊರು ತಲುಪುವವರೆಗೂ ಗೊತ್ತಾಗುವುದಿಲ್ಲ. ಇದನ್ನು ತಡೆಯಲು ಸ್ಲೈಡರುಗಳನ್ನು ಚೀಲದ ಒಂದು ಗಟ್ಟಿ ಬಳೆಗೆ ಸೇರಿಸಿ ಬೀಗ ಹಾಕಿ, ಆಗ ಅವು ಸರಿಯುವುದಿಲ್ಲ. ಕದಿಯುವುದು ತಪ್ಪದಿದ್ದರೂ ಬಿಚ್ಚಿದ ಜಿಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಕಾರು

ಹೆಚ್ಚು ಸಾಮಾನು ಹೋಗುವ ಜಾಗ ಇದು. ನಿಲ್ಲಿಸಿದ ಕಾರಿನ ಗಾಜು ಒಡೆಯಲು ಹೊತ್ತು ಬೇಕಾಗಿಲ್ಲ. 'ಡಿಕ್ಕಿಯಲ್ಲಿದೆಯಲ್ಲ' ಎಂಬ ಧೈರ್ಯವೂ ಅರ್ಧ ಮಾತ್ರ ಸರಿ, ಏಕೆಂದರೆ ಎಷ್ಟೋ ಕಾರುಗಳಲ್ಲಿ ಡಿಕ್ಕಿ ತೆಗೆಯುವ ಹಿಡಿ ಚಾಲಕನ ಸೀಟಿನ ಪಕ್ಕದಲ್ಲೇ ಇದೆ, ಇಲ್ಲವೇ ಹಿಂದಿನ ಸೀಟು ಮಡಚಿದರೆ ಡಿಕ್ಕಿಗೆ ದಾರಿಯಾಗುತ್ತದೆ.

ಮೊದಲ ನಿಯಮ: ನಿಲ್ಲಿಸುವ ಜಾಗದಲ್ಲಿ ಡಿಕ್ಕಿ ತೆಗೆಯಬೇಡಿ. ಚೀಲವನ್ನು ಅದರೊಳಗೆ ಸೇರಿಸುವುದು ಹಿಂದಿನ ನಿಲ್ದಾಣದಲ್ಲೇ ಆಗಿರಲಿ. ಜಲಪಾತದ ಪಾರ್ಕಿಂಗಿಗೆ ಬಂದು, ಎಲ್ಲರ ಎದುರು ಚೀಲವನ್ನು ಸೀಟಿನಿಂದ ಡಿಕ್ಕಿಗೆ ಸಾಗಿಸಿ, ಬೀಗ ಹಾಕಿ ಹೊರಡುವುದೆಂದರೆ ಎಲ್ಲಿದೆ ಎಂದು ತೋರಿಸಿಕೊಟ್ಟಂತೆ. ಹಾಗಾಗಿಬಿಟ್ಟರೆ ಕಾರು ತೆಗೆದು ಬೇರೆ ಕಡೆ ನಿಲ್ಲಿಸಿ.

ಹ್ಯಾಚ್‌ಬ್ಯಾಕ್ ಆದರೆ ಹಿಂಬದಿಯನ್ನು ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದರೆ ಹಿಂಬಾಗಿಲು ತೆರೆಯಲು ಜಾಗವಿರುವುದಿಲ್ಲ. ಡಿಕ್ಕಿ ಮುಚ್ಚುವ ಹಲಗೆ ಕಳಚಿ ಮನೆಯಲ್ಲಿಟ್ಟಿದ್ದರೆ ಮತ್ತೆ ಹಾಕಿ, ಎಸ್‌ಯುವಿಗಳಲ್ಲಿ ಮಾಸಿದ ಕಪ್ಪು ಬಟ್ಟೆ ಸಾಕು. ನೀಟಾಗಿ ಮುಚ್ಚಿದರೆ ಕುತೂಹಲ ಹುಟ್ಟುತ್ತದೆ, ಮೇಲೆ ಒಂದು ಜೊತೆ ಕೆಸರಿನ ಬೂಟು, ಹಾಲಿನ ಕವರು ಬಿದ್ದಿರಲಿ.

ಇನ್ನು ಕಟ್ಟುವುದು. ಬೇಕಾದ್ದು 8–10 ಮಿ.ಮೀ. ದಪ್ಪದ, ಎರಡೂ ತುದಿಗೆ ಕುಣಿಕೆಯಿರುವ, ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ (ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ಎರಡು ಮೀಟರಿನಷ್ಟು ಉದ್ದ ಬೇಕು) ಮತ್ತು ಗಟ್ಟಿಗೊಳಿಸಿದ ಉಕ್ಕಿನ ಕೊಂಡಿಯ 40 ಮಿ.ಮೀ. ಬೀಗ. ಲಗೇಜಿಗೆಂದು ಮಾರುವ 2–3 ಮಿ.ಮೀ. ತಂತಿ ಇಕ್ಕಳಕ್ಕೇ ತುಂಡಾಗುತ್ತದೆ. ಈಚಿನ ಬಹುತೇಕ ಕಾರುಗಳ ಹಿಂದಿನ ಸೀಟಿನ ಬೆನ್ನು–ಕೂರುವ ಭಾಗ ಸೇರುವಲ್ಲಿ, ಮಕ್ಕಳ ಸೀಟಿಗಾಗಿ ಐಸೊಫಿಕ್ಸ್ ಎಂಬ 6 ಮಿ.ಮೀ. ಉಕ್ಕಿನ ಸರಳುಗಳನ್ನು ಕಾರಿನ ಚೌಕಟ್ಟಿಗೇ ಬೆಸೆದಿರುತ್ತಾರೆ. ಕೇಬಲ್ಲಿನ ಒಂದು ಕುಣಿಕೆಯನ್ನು ಅಲ್ಲಿ ಸುತ್ತಿ, ಸೀಟಿನ ಸಂದಿನಿಂದ ಡಿಕ್ಕಿಗೆ ತನ್ನಿ. ಸರಳು ಇಲ್ಲದಿದ್ದರೆ ಮುಂದಿನ ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟು ಇದೆ, ಕೇಬಲ್ ಮೂರು ಮೀಟರ್ ಬೇಕಾದೀತು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಕೇಬಲ್ಲನ್ನು ಚೀಲದ ಹಿಡಿಕೆಗೆ ಹಾಕುತ್ತಾರೆ. ಹಿಡಿಕೆ ದಾರದಲ್ಲಿ ಹೊಲಿದದ್ದು, ಬ್ಲೇಡಿಗೆ ಒಂದೇ ಎಳೆತ. ಕೇಬಲ್ಲು ಜಿಪ್ಪಿನ ಒಳಗೆ ಹೋಗಿ ಲೆನ್ಸಿನ ಟ್ರೈಪಾಡ್ ಕಾಲಿನ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಅಡಿ ಇರುವ ಹಿಡಿ) ಕಿಂಡಿಯಲ್ಲಿ ಹಾದು ಬರಬೇಕು. ದೊಡ್ಡ ಟೆಲಿ ಲೆನ್ಸುಗಳಲ್ಲಿ ಕಾಲಿಗೂ ಕೊಳವೆಗೂ ನಡುವೆ ಬೆರಳು ತೂರುವಷ್ಟು ಜಾಗ ಇದ್ದೇ ಇರುತ್ತದೆ. ಲೋಹ ಲೋಹಕ್ಕೆ ಉಜ್ಜದಂತೆ ಅಲ್ಲಿ ಬಟ್ಟೆ ಸುತ್ತಿ. ಕಾಲಿನ ತಿರುಪು ಕೈಯಲ್ಲೇ ಸಡಿಲವಾಗುವಂಥದ್ದಾದರೆ ಇದರಿಂದ ಪ್ರಯೋಜನ ಕಡಿಮೆ. ಆಗ ಬೀಗದ ರಂಧ್ರವಿರುವ ಗಟ್ಟಿ ಪೆಟ್ಟಿಗೆಯೋ ಇಡೀ ಚೀಲವನ್ನು ಸುತ್ತುವ ಉಕ್ಕಿನ ಬಲೆಯೋ ಬೇಕು. ಬೋಲ್ಟ್ ಕಟರ್ ಹಿಡಿದು ಬಂದವನನ್ನು ಇದು ಯಾವುದೂ ತಡೆಯುವುದಿಲ್ಲ. ಗಾಜು ಒಡೆದು ಕೈಗೆ ಸಿಕ್ಕಿದ್ದು ಎಳೆದುಕೊಂಡು ಓಡುವವನನ್ನು ತಡೆಯುತ್ತದೆ, ಮತ್ತು ನೀವು ಎದುರಿಸಬೇಕಾದ್ದು ಹೆಚ್ಚಾಗಿ ಅವನನ್ನೇ.

ಬಿಸಿಲಿನ ವಿಷಯವೂ ಇದಕ್ಕೆ ಸೇರುತ್ತದೆ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿ ಹೇಳುವ ಮಿತಿ 40 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನೊಳಗೆ ಅದು ಎಲ್ಲೋ ದಾಟಿರುತ್ತದೆ. ಹಳೆಯ ಐಸ್ ಬಾಕ್ಸ್ ಇದ್ದರೆ (ಐಸ್ ಇಲ್ಲದೆ, ಒರೆಸಿ ಒಣಗಿಸಿ) ಕ್ಯಾಮೆರಾವನ್ನು ಅದರಲ್ಲಿಡಿ. ಬಿಸಿ ತಡವಾಗಿ ಏರುತ್ತದೆ, ಮೇಲಾಗಿ ಐಸ್ ಬಾಕ್ಸಿನಲ್ಲಿ ಲಕ್ಷಾಂತರ ರೂಪಾಯಿಯ ಲೆನ್ಸಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕಾರಿಗೆ ರಿಮೋಟ್ ಒತ್ತಿದ ಮೇಲೆ ಹಿಡಿ ಎಳೆದು ನೋಡಿ. ಹೋಟೆಲಿನಲ್ಲಿ ಕೀಲಿಯನ್ನು ಕಾರು ನಿಲ್ಲಿಸಿಕೊಡುವ ವ್ಯಾಲೆಯವರ ಕೈಗೆ ಕೊಡುವ ಮುನ್ನ ಚೀಲ ಹೊರಗೆ ಬಂದಿರಲಿ.

ಪತ್ರಿಕೆಗಳು 'ಗಮನ ಬೇರೆಡೆ ಸೆಳೆದು ಕಳವು' ಎಂದು ಬರೆಯುವ ಬಗೆಗೆ ಬೀಗ ಕೆಲಸಕ್ಕೆ ಬರುವುದಿಲ್ಲ. ಟೈರ್ ಪಂಕ್ಚರ್ ಆಗಿದೆ, ಆಯಿಲ್ ಸೋರುತ್ತಿದೆ, ನಿಮ್ಮ ನೋಟು ಬಿದ್ದಿದೆ, ಅಂಗಿಗೆ ಗಲೀಜು ತಾಗಿದೆ ಎನ್ನುತ್ತಾರೆ. ನೀವು ಇಳಿದು ಒಂದು ಕಡೆ ಬಗ್ಗಿದಾಗ ಇನ್ನೊಂದು ಬಾಗಿಲು ತೆರೆದಿರುತ್ತದೆ. ಹೀಗಾದರೆ ಗಾಜು ಏರಿಸಿ, ಜನ ಇರುವ ಪೆಟ್ರೋಲ್ ಬಂಕಿನವರೆಗೆ ಮೆಲ್ಲಗೆ ಹೋಗಿ. ಟೈರ್ ಹಾಳಾದರೂ ಲೆನ್ಸಿಗಿಂತ ಅಗ್ಗ. ಇಳಿಯಲೇಬೇಕಾದರೆ ಎಂಜಿನ್ ನಿಲ್ಲಿಸಿ, ಎಲ್ಲ ಬಾಗಿಲಿಗೆ ಲಾಕ್ ಹಾಕಿ, ಕೀಲಿ ಜೇಬಿಗಿಳಿಸಿ ಇಳಿಯಿರಿ.

ಬಸ್ಸು, ರೈಲು, ವಿಮಾನ

ರಾತ್ರಿ ಬಸ್ಸಿನಲ್ಲಿ ಬಟ್ಟೆಯ ಚೀಲ ಡಿಕ್ಕಿಗೆ, ಕ್ಯಾಮೆರಾ ಚೀಲ ನಿಮ್ಮೊಡನೆ. ಸೀಟಾದರೆ ಎರಡು ಕಾಲಿನ ನಡುವೆ ಇಟ್ಟು ಪಟ್ಟಿಯೊಳಗೆ ಒಂದು ಕಾಲು ತೂರಿಸಿ. ಸ್ಲೀಪರ್ ಆದರೆ ಕಿಟಕಿ ಕಡೆಗೆ, ತಲೆಯ ಹತ್ತಿರ. ತಲೆಯ ಮೇಲಿನ ಅಟ್ಟದಲ್ಲಿ ಬೇಡ. ಕಾಫಿಗೆ ಇಳಿದರೆ ಚೀಲವೂ ಇಳಿಯಬೇಕು.

ರೈಲಿನಲ್ಲಿ ಹಳ್ಳಕ್ಕೆ ಬೀಳುವುದು ಒಂದು ತಪ್ಪು ತಿಳಿವಳಿಕೆಯಿಂದ: ಟಿಕೆಟ್ಟು ಕೊಂಡಿದ್ದೇವೆ, ಸಾಮಾನಿನ ಹೊಣೆ ರೈಲ್ವೆಯದು ಎಂದು. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದೆ ನೀವೇ ಒಯ್ಯುವ ಸಾಮಾನಿಗೆ, ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗದ ಹೊರತು ರೈಲ್ವೆ ಹೊಣೆಯಲ್ಲ. ಆದ್ದರಿಂದ ಸರಪಳಿ ನಿಮ್ಮದೇ. ಕೆಳಬರ್ತಿನ ಅಡಿ ಉಂಗುರಗಳಿರುತ್ತವೆ. ಬಟ್ಟೆಯ ಪೆಟ್ಟಿಗೆಯನ್ನು ಅಲ್ಲಿಗೆ ಕಟ್ಟಿ. ಕ್ಯಾಮೆರಾ ಚೀಲಕ್ಕೆ ಮೇಲಿನ ಬರ್ತು ವಾಸಿ, ಚೀಲ ದಾರಿಯ ಕಡೆಗಲ್ಲ, ಗೋಡೆಯ ಕಡೆಗೆ. ಸೈಡ್ ಬರ್ತು ಎರಡೂ ಬೇಡ. ಸ್ಲೀಪರ್ ಬೋಗಿಯ ತೆರೆದ ಕಿಟಕಿಯ ಪಕ್ಕ ಕ್ಯಾಮೆರಾ ಹಿಡಿದು ಕೂರುವವರು, ರೈಲು ನಿಲ್ದಾಣ ಬಿಡುತ್ತ ಮೆಲ್ಲಗೆ ಚಲಿಸುವಾಗ ಕೈ ಒಳಗೆ ತೆಗೆದುಕೊಳ್ಳಿ. ಹೊರಗಿನಿಂದ ಕಿತ್ತುಕೊಳ್ಳುವುದು ಆ ಅರ್ಧ ನಿಮಿಷದಲ್ಲಿ. ದಾಂಡೇಲಿ ಕಡೆಗೆ ಅಳ್ನಾವರದಲ್ಲೋ ಲೋಂಡಾದಲ್ಲೋ ಇಳಿಯುವವರು ನಿಲ್ದಾಣಕ್ಕೆ ಹದಿನೈದು ನಿಮಿಷ ಮೊದಲೇ ಎದ್ದು ಎಣಿಸಿ. ಗಡಿಬಿಡಿಯಲ್ಲಿ ಟ್ರೈಪಾಡ್ ಬಿಟ್ಟು ಇಳಿಯುವುದು ಕಳವಿಗಿಂತ ಹೆಚ್ಚು.

ಎಣಿಕೆಗೊಂದು ಸಂಖ್ಯೆ ಗೊತ್ತು ಮಾಡಿಕೊಳ್ಳಿ: ಚೀಲ, ಟ್ರೈಪಾಡ್, ಬಟ್ಟೆ ಚೀಲ, ಫೋನು, ಒಟ್ಟು ನಾಲ್ಕು. ಪ್ರತಿ ಸಲ ಇಳಿಯುವಾಗ ನಾಲ್ಕು ಮುಟ್ಟಿ. ಟ್ಯಾಕ್ಸಿಯಲ್ಲಾದರೆ ಎಣಿಸಿದ ಮೇಲೆ ದುಡ್ಡು ಕೊಡಿ.

ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಅದು ನಿಯಮ. ಹತ್ತುವಾಗ ಚೀಲವನ್ನು ಕೆಳಗೆ ಹಾಕುತ್ತೇವೆ ಎಂದರೆ ಬಾಡಿ, ಲೆನ್ಸ್, ಬ್ಯಾಟರಿ ತೆಗೆದುಕೊಂಡು ಖಾಲಿ ಚೀಲ ಕೊಡಿ. ಒಳಪೆಟ್ಟಿಗೆ ಬೇರೆಯಾಗಿದ್ದರೆ ಇದು ಒಂದೇ ಎಳೆತದ ಕೆಲಸ. ಎಕ್ಸ್‌ರೇ ಬೆಲ್ಟಿನ ಮೇಲೆ ಕ್ಯಾಮೆರಾ ಹೋಗುವುದು ನಿಮ್ಮ ತಪಾಸಣೆಯ ಸರದಿ ಬಂದಾಗ ಮಾತ್ರ. ವಿದೇಶಕ್ಕಾದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರು ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದರೆ, ಮರಳುವಾಗ ಸುಂಕದ ತಕರಾರು ತಪ್ಪುತ್ತದೆ.

ಹೋಂಸ್ಟೇ, ಟೆಂಟು, ಹೈಡ್

ಮಲೆನಾಡಿನ ಹಳೆಯ ಮನೆಗಳ ಕೋಣೆಗಳಿಗೆ ಚಿಲಕ, ಅಗಳಿ ಇರುತ್ತವೆ. ನಿಮ್ಮದೇ ಬೀಗ ಒಂದು ಜೊತೆಗಿರಲಿ. ಹಾಕುವ ಮುನ್ನ ಮನೆಯವರಿಗೆ ಒಂದು ಮಾತು ಹೇಳಿ, 'ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ, ಯಾರೂ ಮುಟ್ಟಬಾರದು ಅಂತ' ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಊಟದ ಚಾವಡಿಯಲ್ಲಿ ಕ್ಯಾಮೆರಾ ಚಾರ್ಜಿಗೆ ಬಿಟ್ಟು ಮಲಗಬೇಡಿ. ಲೆನ್ಸನ್ನು ಮಂಚದ ಕಾಲಿಗೆ ಕೇಬಲ್ಲಿನಲ್ಲಿ ಕಟ್ಟುವಾಗ, ಮಂಚ ಎತ್ತಿದರೆ ಕುಣಿಕೆ ಜಾರುತ್ತದೆಯೇ ನೋಡಿ. ಕಿಟಕಿಯ ಸರಳು ಇನ್ನೂ ಭದ್ರ, ಆದರೆ ಗಾಜು ಮುಚ್ಚಿ ಪರದೆ ಎಳೆದಿರಬೇಕು.

ಟೆಂಟಿನ ಜಿಪ್ಪಿಗೆ ಹೊರಗಿನಿಂದ ಬೀಗ ಹಾಕುವುದರಲ್ಲಿ ಅರ್ಥವಿಲ್ಲ. ಒಳಗೆ ಯಾರೂ ಇಲ್ಲ, ಏನೋ ಇದೆ ಎಂದು ಅದು ಹೇಳುತ್ತದೆ, ಬಟ್ಟೆ ಕತ್ತರಿಸಲು ಚಾಕು ಸಾಕು. ಹಗಲು ಟೆಂಟಿನಲ್ಲಿ ಬೆಲೆಬಾಳುವುದು ಏನೂ ಇರಬಾರದು. ಗುಂಪಾಗಿ ಹೋದವರು ಸರದಿಯಲ್ಲಿ ಒಬ್ಬರನ್ನು ಬಿಟ್ಟು ಹೋಗಿ, ಒಬ್ಬರೇ ಆದರೆ ಚೀಲ ಬೆನ್ನ ಮೇಲೆ. ರಾತ್ರಿ ಚೀಲವನ್ನು ಟೆಂಟಿನ ಅಂಚಿಗೆ ಒರಗಿಸಬೇಡಿ. ಹೊರಗಿನಿಂದ ಆಕಾರ ಕಾಣುತ್ತದೆ, ಬಟ್ಟೆ ಸೀಳಿ ಕೈ ಹಾಕಲೂ ಸುಲಭ. ಮಲಗುವ ಇಬ್ಬರ ನಡುವೆ ಇಟ್ಟು, ಪಟ್ಟಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಎಳೆದು ತೊಡೆಗೆ ಸುತ್ತಿ. ಆ ದಿನದ ಮೆಮೊರಿ ಕಾರ್ಡುಗಳು ಚೀಲದಲ್ಲಿ ಬೇಡ. ಪ್ರತಿ ಸಂಜೆ ಫೋಟೊಗಳನ್ನು ನಕಲಿಸಿಕೊಂಡ ಎಸ್‌ಎಸ್‌ಡಿ (ಪುಟ್ಟ ಡಿಸ್ಕು) ನಿಮ್ಮ ಪ್ಯಾಂಟಿನ ಜೇಬಿನಲ್ಲಿರಲಿ. ಲೆನ್ಸು ಹೋದರೆ ಮತ್ತೆ ಕೊಳ್ಳಬಹುದು.

ಹಕ್ಕಿ ಛಾಯಾಗ್ರಾಹಕರು ಮರೆಯಾಗಿ ಕೂರುವ ಹೈಡುಗಳಲ್ಲಿ ಕಳವಿಗಿಂತ ಅದಲುಬದಲಿನ ಭಯ ಜಾಸ್ತಿ. ಹತ್ತು ಜನ ಕೂತಿದ್ದರೆ ಆರು ಜನರದ್ದು ಅದೇ ಲೆನ್ಸು, ಅದೇ ಕಾಡುಬಣ್ಣದ ಹೊದಿಕೆ. ಹುಡ್‌ನ ಒಳಗೆ, ಟ್ರೈಪಾಡ್ ಕಾಲಿನ ಅಡಿ, ಬ್ಯಾಟರಿಗಳ ಮೇಲೆ ಒಂದೇ ಬಣ್ಣದ ಟೇಪು ಅಂಟಿಸಿ. ಹಳದಿ, ಕೆಂಪು ಹೊರಗೆ ಬೇಡ, ಹಕ್ಕಿಗೂ ಕಾಣುತ್ತದೆ.

ಇನ್ನು ಕೋತಿ. ಹಂಪಿ, ಚಾಮುಂಡಿ ಬೆಟ್ಟಗಳಲ್ಲಿ ಅದಕ್ಕೆ ಕ್ಯಾಮೆರಾ ಬೇಕಾಗಿಲ್ಲ, ಸರಪರ ಎನ್ನುವ ಪ್ಲಾಸ್ಟಿಕ್ ಕವರು ಬೇಕು. ಕ್ಯಾಮೆರಾ ಚೀಲದ ಹೊರಜೇಬಿನಲ್ಲಿ ಚಿಪ್ಸು, ಬಾಳೆಹಣ್ಣು ಇಡದಿದ್ದರೆ ಅರ್ಧ ಅಪಾಯ ಕಳೆಯಿತು.

ಟ್ರ್ಯಾಕರ್: ಎಷ್ಟು ನಂಬಬೇಕು

ಆಪಲ್‌ನ ಟ್ರ್ಯಾಕರ್ ಆದ ಏರ್‌ಟ್ಯಾಗಿಗೆ ತನ್ನದೇ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಆಪಲ್ ಸಾಧನಗಳು ಅದರ ಬ್ಲೂಟೂತ್ ಸಂಕೇತ ಹಿಡಿದು ಜಾಗ ತಿಳಿಸುತ್ತವೆ. ಗೂಗಲ್‌ನ ಫೈಂಡ್ ಹಬ್ ಜಾಲಕ್ಕೆ ಸೇರುವ ಟ್ಯಾಗುಗಳದ್ದೂ ಅದೇ ರೀತಿ, ಅಲ್ಲಿ ಆಂಡ್ರಾಯ್ಡ್ ಫೋನುಗಳು. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ನೆಟ್‌ವರ್ಕ್ ಇಲ್ಲದ ಘಟ್ಟದಲ್ಲಿ ನಡೆಯುವುದಿಲ್ಲ. ಆಂಡ್ರಾಯ್ಡ್ ಬಳಸುವವರು ಎರಡನೆಯ ಬಗೆಯನ್ನೇ ಕೊಳ್ಳಿ. ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ಬೇರೆ ಫೋನುಗಳನ್ನು ಕಾಯುವುದಿಲ್ಲ, ಆದರೆ ಅದಕ್ಕೂ ನೆಟ್‌ವರ್ಕ್ ಬೇಕು, ಪದೇಪದೇ ಚಾರ್ಜೂ ಮಾಡಬೇಕು.

ಏರ್‌ಟ್ಯಾಗ್ ಸುಮಾರು 32 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಚೀಲದ ಬೆನ್ನ ಕಡೆಯ ಮೆತ್ತೆಯ ಹೊಲಿಗೆ ಬಿಚ್ಚಿ, ಒಳಗಿಟ್ಟು, ಮತ್ತೆ ಹೊಲಿಸಿ. ಕೀಲಿಗೊಂಚಲಿನ ಹಾಗೆ ಹೊರಗೆ ನೇತುಹಾಕಿದರೆ ಕಳ್ಳ ಮೊದಲು ಕಿತ್ತೆಸೆಯುವುದೇ ಅದನ್ನು. ಲೋಹದ ಪೆಟ್ಟಿಗೆಯಲ್ಲಿ ಸಂಕೇತ ಕುಗ್ಗುತ್ತದೆ. ಬ್ಯಾಟರಿ ಸಿಆರ್2032, ವರ್ಷದ ಹತ್ತಿರ ಬರುತ್ತದೆ. ಮಕ್ಕಳು ನುಂಗದಿರಲೆಂದು ಕಹಿ ಲೇಪ ಹಚ್ಚಿದ ಬ್ಯಾಟರಿಗಳು ಅದರಲ್ಲಿ ಕೆಲಸ ಮಾಡದೇ ಹೋಗಬಹುದು, ಕೊಳ್ಳುವಾಗ ನೋಡಿ. ಒಡೆಯರಿಂದ ದೂರವಾದ ಟ್ಯಾಗು ಹಿಂಬಾಲಿಸುತ್ತಿದೆ ಎಂದು ಕದ್ದವನ ಫೋನಿಗೂ ಎಚ್ಚರಿಕೆ ಹೋಗುತ್ತದೆ. ಹಾಗಾಗಿ ಕಳವಾದ ಮೊದಲ ಕೆಲವು ಗಂಟೆಗಳೇ ಇದರ ಬೆಲೆ.

ಕಳುವಾದರೆ, ಈ ಕ್ರಮದಲ್ಲಿ

ಮೊದಲು 112ಕ್ಕೆ ಕರೆ ಮಾಡಿ. ರೈಲಿನಲ್ಲಾದರೆ 139, ಇಲ್ಲವೇ ಟಿಟಿಇ ಹತ್ತಿರ ದೂರಿನ ನಮೂನೆ ಕೇಳಿ. ಪ್ರಯಾಣ ನಿಲ್ಲಿಸಿ ಇಳಿಯಬೇಕಾಗಿಲ್ಲ. ಟ್ಯಾಗು ತೋರಿಸುವ ಜಾಗದ ಸ್ಕ್ರೀನ್‌ಶಾಟ್ ಗಳಿಗೆಗೊಮ್ಮೆ ತೆಗೆಯುತ್ತಿರಿ. ಆ ಜಾಗಕ್ಕೆ ನೀವೇ ಹೋಗಬೇಡಿ, ಪೊಲೀಸರನ್ನು ಕರೆದೊಯ್ಯಿರಿ. ಒಡೆದ ಗಾಜಿನ ಫೋಟೊ ತೆಗೆಯುವ ತನಕ ಕಾರು ಗುಡಿಸಬೇಡಿ, ವಿಮೆಗೆ ಅದೇ ಸಾಕ್ಷಿ. ಹೋಟೆಲು, ಬಂಕುಗಳ ಸಿಸಿಟಿವಿ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಉಳಿಸಿಡುವಂತೆ ಅಂದೇ ಹೇಳಿ.

ಠಾಣೆಯಲ್ಲಿ 'ಕಳೆದುಹೋಗಿದೆ' ಎಂದು ಬರೆಸಬೇಡಿ. ಆನ್‌ಲೈನಿನ ಇ-ಲಾಸ್ಟ್ ವರದಿ ಕಳೆದುಕೊಂಡ ವಸ್ತುಗಳಿಗೆ, ಕಳುವಾದವಕ್ಕಲ್ಲ. ವಿಮಾ ಕಂಪನಿ ಅದನ್ನು ಒಪ್ಪುವುದಿಲ್ಲ. ಬೇಕಾದ್ದು ಎಫ್‌ಐಆರ್. ಘಟನೆ ನಡೆದದ್ದು ನಮ್ಮ ವ್ಯಾಪ್ತಿಯಲ್ಲಲ್ಲ ಎಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ವಿನಯದಿಂದ ನೆನಪಿಸಿ. ಎಫ್‌ಐಆರ್‌ನ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್ಪಿಗೆ ಅಂಚೆಯಲ್ಲಿ ಬರೆಯುವ ದಾರಿಯೂ ಅದೇ ಕಲಮಿನಲ್ಲಿದೆ. ಮಾಮೂಲು ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು. ವಾಸದ ಮನೆಯಿಂದ ಕದ್ದರೆ 305, ಶಿಕ್ಷೆ ಏಳು ವರ್ಷದವರೆಗೆ. ವಾಸಕ್ಕೆ ಬಳಸುವ ಡೇರೆಯನ್ನೂ ಆ ಕಲಮು ಮನೆಯ ಸಾಲಿನಲ್ಲೇ ಹೆಸರಿಸಿದೆ. ಟೆಂಟಿನಿಂದ ಹೋಗಿದ್ದರೆ ದೂರಿನಲ್ಲಿ 'ಮಲಗಿದ್ದ ಟೆಂಟಿನ ಒಳಗಿಂದ' ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರತಿ ವಸ್ತುವಿನ ಮಾಡೆಲ್, ಸೀರಿಯಲ್ ನಂಬರು, ಬೆಲೆ ದೂರಿನಲ್ಲೇ ಇರಬೇಕು, ಆಮೇಲೆ ಸೇರಿಸುವುದು ತಾಪತ್ರಯ. ಫೋನೂ ಹೋಗಿದ್ದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್‌ ವಿಭಾಗದಲ್ಲಿ ಅದರ ಐಎಂಇಐ (ಫೋನಿನ ಗುರುತುಸಂಖ್ಯೆ) ಬ್ಲಾಕ್ ಮಾಡಿ.

ವಿಮಾ ಕಂಪನಿಗೆ ಅಂದೇ ಇಮೇಲು ಹೋಗಲಿ. ಕೊನೆಗೆ ಅವರು ಪತ್ತೆಯಾಗದ ಪ್ರಕರಣದ 'ಸಿ ರಿಪೋರ್ಟ್' ಕೇಳುತ್ತಾರೆ, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ಹಳೆಯ ಕ್ಯಾಮೆರಾ ಕೊಳ್ಳುವ ಅಂಗಡಿಗಳಿಗೆ, ಕಂಪನಿಯ ಸರ್ವಿಸ್ ಸೆಂಟರಿಗೆ ಸೀರಿಯಲ್ ನಂಬರು ಮತ್ತು ಎಫ್‌ಐಆರ್ ಸಂಖ್ಯೆ ಕಳಿಸಿಡಿ. ಕದ್ದ ಲೆನ್ಸು ಮತ್ತೆ ಕಾಣಿಸಿಕೊಳ್ಳುವುದು ಮಾರಾಟಕ್ಕೋ ರಿಪೇರಿಗೋ ಬಂದಾಗ.

ಸಿಕ್ಕಿತು ಎಂದು ಠಾಣೆಯಿಂದ ಕರೆ ಬಂದರೆ ಅಲ್ಲಿಗೇ ಮುಗಿಯಲಿಲ್ಲ. ಅದು ಈಗ ಪ್ರಕರಣದ ಸ್ವತ್ತು, ಕೊಡಿಸಬೇಕಾದ್ದು ನ್ಯಾಯಾಲಯ. ಬಿಲ್ಲು, ರಾ ಫೈಲಿನ ಮಾಹಿತಿ ಜೊತೆಗಿಟ್ಟು, ವಕೀಲರ ಮೂಲಕ ಮ್ಯಾಜಿಸ್ಟ್ರೇಟರಲ್ಲಿ ತಾತ್ಕಾಲಿಕ ಸುಪರ್ದಿಗೆ ಅರ್ಜಿ ಹಾಕಬೇಕು. ಬಾಂಡ್ ಬರೆಸಿಕೊಂಡು, ಕರೆದಾಗ ಹಾಜರುಪಡಿಸುವ ಷರತ್ತಿನ ಮೇಲೆ ಕೊಡುತ್ತಾರೆ. ಈ ಅರ್ಜಿಯನ್ನು ತಡಮಾಡಬೇಡಿ. ಠಾಣೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿದಿರುತ್ತದೆ.